ದಪ್ಪ ತಂತಿಯ ಗುರುತು

ಮಾರ್ಚ್ ೪, ಸೋಮವಾರ

ಪ್ರೀತಿಯ ಚೋಟು,

ಚೆನ್ನಾಗಿದ್ದೀಯ ಅಂದುಕೊಂಡಿದ್ದೇನೆ. ಕಾಗದ ಬರೆಯುತ್ತೇನೆಂದು ಹೇಳಿ ಇಷ್ಟು ತಡಮಾಡಿದ್ದಕ್ಕೆ ಬೈದುಕೊಂಡಿರುತ್ತೀಯ. ಬೈದುಕೋ, ಪರವಾಗಿಲ್ಲ, ಪಿತ್ತಕೋಶ ತೆಗೆಸಿಕೊಂಡವಳಿಗೆ ಅಷ್ಟು ರಿಯಾಯಿತಿಯೂ ಬೇಕು. ಹೊಲಿಗೆ ಬಿಚ್ಚಿದ್ದಾರೆ, ಊಟ ಸೇರುತ್ತಿದೆ. ಕೆಮ್ಮು ಬಂದರೆ ಮಾತ್ರ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುತ್ತೇನೆ.

ಫೋನ್ ಬಿಟ್ಟು ಕಾಗದ ಹಿಡಿದದ್ದಕ್ಕೆ ಕಾರಣವಿದೆ. ನಾನು ಫೋನ್ ಎತ್ತಿದ ಕೂಡಲೇ ನಿನ್ನ ಭಾವ ಪಕ್ಕದ ಕೋಣೆಯಲ್ಲಿ ಟೀವಿ ಸಣ್ಣ ಮಾಡುತ್ತಾರೆ. ಹೇಳಬೇಕಾದ ವಿಷಯ ಅವರ ಕಿವಿಗೆ ಬೀಳುವಂಥದ್ದಲ್ಲ.

ವಿಷಯ ನನ್ನ ಗಿಟಾರಿನದು. ನಮ್ಮ ತಂಡದ ಎಂಟು ಹಾಡುಗಳಲ್ಲಿ ಐದು ರೆಕಾರ್ಡಾಗಿದ್ದವು, ಅಷ್ಟರಲ್ಲಿ ಹೊಟ್ಟೆನೋವು ಬಂದು ಸ್ಟುಡಿಯೋದಿಂದ ನೇರ ಆಸ್ಪತ್ರೆಗೆ ಹೋದೆನಲ್ಲ, ಗಿಟಾರ್ ಅಲ್ಲೇ ಉಳಿದಿತ್ತು. ನಾನು ಮನೆಗೆ ಬಂದ ಮೇಲೆ ನಿನ್ನ ಭಾವ ತಂದುಕೊಟ್ಟರು. ಉಳಿದ ಮೂರು ಹಾಡು ಏನಾದವು ಎಂದು ಮಾಸ್ಟರನ್ನು ಕೇಳಿದರೆ, "ಕೀಬೋರ್ಡಲ್ಲೇ ಹೇಗೋ ಸರಿಮಾಡ್ಕೊಂಡ್ವಿ, ನೀವು ಮೊದಲು ಹುಷಾರಾಗಿ" ಅಂದರು. ತಂಡ ಕಟ್ಟಿದ ಮನುಷ್ಯ ನನ್ನ ಮುಖ ನೋಡದೆ ಮಾತಾಡಿದ್ದು ಇದೇ ಮೊದಲು.

ಮೊನ್ನೆ ಹೊಟ್ಟೆಗೂ ಗಿಟಾರಿಗೂ ನಡುವೆ ದಿಂಬು ಇಟ್ಟುಕೊಂಡು ನುಡಿಸಲು ಕೂತೆ. ಅದು ನನ್ನ ಕೈಗೆ ನನ್ನದು ಅನ್ನಿಸಲಿಲ್ಲ. ತಂತಿಗಳು ನಾನು ಹಾಕುವ ತೆಳು ಒಂಬತ್ತರ ಸೆಟ್ಟೇ, ಆದರೆ ಹೊಚ್ಚ ಹೊಸವು. ನಾನು ತುದಿಯನ್ನು ಸ್ವಲ್ಪ ಬಿಟ್ಟು ಒಳಗೆ ಮಡಚುತ್ತೇನೆ. ಇಲ್ಲಿ ಬುಡಕ್ಕೇ ಕತ್ತರಿಸಿದ್ದಾರೆ. ಆರನೇ ತಂತಿಯನ್ನು ಒತ್ತದೆ ಹಾಗೇ ಮೀಟಿದರೆ ಜುಂಯ್ ಎಂದು ನೊಣ ಸಿಕ್ಕಿಕೊಂಡ ಸದ್ದು. ಹಿಂದಿನ ಮುಚ್ಚಳ ಬಿಚ್ಚಿದರೆ ಮೂರು ಸ್ಪ್ರಿಂಗ್ ಇದ್ದಲ್ಲಿ ನಾಲ್ಕು. ಭೂತಗನ್ನಡಿ ಹಿಡಿದು ನೋಡಿದೆ. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಬಿಳಿಯ ಪಟ್ಟಿಯ ಕಚ್ಚುಗಳನ್ನು ಅರದಿಂದ ಉಜ್ಜಿ ಅಗಲ ಮಾಡಿದ್ದಾರೆ. ನನ್ನ ತೆಳು ತಂತಿ ಅದರಲ್ಲಿ ದೊಡ್ಡವರ ಚಪ್ಪಲಿಯಲ್ಲಿ ಕಾಲಿಟ್ಟ ಮಗುವಿನ ಹಾಗೆ ಅತ್ತಿತ್ತ ಜಾರುತ್ತದೆ.

ನಿನ್ನ ಭಾವನಿಗೆ ಬಿಡಿಸಿ ಹೇಳಿದೆ. ಯಾರೋ ಇದಕ್ಕೆ ದಪ್ಪ ತಂತಿ ಹಾಕಿದ್ದಾರೆ, ದಪ್ಪ ತಂತಿ ಜೋರಾಗಿ ಎಳೆಯುತ್ತದೆ, ಆ ಎಳೆತ ತಡೆಯಲು ಹಿಂದೆ ಸ್ಪ್ರಿಂಗ್ ಸೇರಿಸಿದ್ದಾರೆ, ಕೂರಿಸಲು ಕಚ್ಚು ಉಜ್ಜಿದ್ದಾರೆ, ಕೆಲಸ ಮುಗಿದ ಮೇಲೆ ನನಗೆ ತಿಳಿಯಬಾರದೆಂದು ತೆಳು ತಂತಿ ವಾಪಸು ಹಾಕಿದ್ದಾರೆ. ಸ್ಪ್ರಿಂಗ್ ತೆಗೆಯಬಹುದು, ಉಜ್ಜಿದ್ದನ್ನು ತುಂಬಲು ಬರುತ್ತದೆಯೇ? ಅವರು, "ಬಿಡೇ, ತಂತಿಗೂ ಪತ್ತೇದಾರಿಕೆ ಮಾಡ್ತೀಯಾ" ಅಂದು ಹಾಲು ತರಲು ಹೊರಟರು. ಹಾಲು ಮನೆಯಲ್ಲೇ ಇತ್ತು.

ನನ್ನ ಅನುಮಾನವೆಲ್ಲ ಜುಟ್ಟಿನ ಮೇಲೆ. ಹೋಟೆಲಿನ ತಂಡದಲ್ಲಿ ನುಡಿಸುತ್ತಾನಲ್ಲ, ಕೂದಲು ಮೇಲೆತ್ತಿ ಕಟ್ಟಿಕೊಳ್ಳುವವನು. ಆರು ತಿಂಗಳಿಂದ ಮಾಸ್ಟರ್ ಸುತ್ತ ಸುಳಿಯುತ್ತಿದ್ದಾನೆ. ನನ್ನ ಜಾಗಕ್ಕೆ ಅವನನ್ನು ಕೂರಿಸುವ ಮಾತು ನಡೆದಿದೆ, ನಿನ್ನ ಭಾವನಿಗೂ ಅದು ಗೊತ್ತು ಎಂದು ನನ್ನ ಮನಸ್ಸು ಹೇಳುತ್ತದೆ. ಗೊತ್ತಿದ್ದೂ ನನ್ನ ಎದುರು ಹಾಲಿನ ಪಾತ್ರೆ ಹಿಡಿದು ಓಡಾಡುತ್ತಾರೆಂದರೆ ನಾನು ಯಾರನ್ನು ನಂಬಲಿ? ನೀನೂ ಗಿಟಾರ್ ಹಿಡಿದವಳು. ನಿನಗೇನು ತೋಚುತ್ತದೆ, ಬರಿ. ಮನಸ್ಸು ಬಿಚ್ಚಿ ಮಾತಾಡಲು ನನಗೆ ಉಳಿದವಳು ನೀನೊಬ್ಬಳೇ.

ನಿನ್ನ ಅಕ್ಕ


ಮಾರ್ಚ್ ೨೧, ಗುರುವಾರ

ಚೋಟು,

ನಿನ್ನ ಕಾಗದ ಬಂದು ವಾರ ಕಳೆಯಿತು. ಉತ್ತರ ತಡವಾದದ್ದಕ್ಕೆ ಈ ಸಲ ಕ್ಷಮೆ ಕೇಳುವುದಿಲ್ಲ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ. "ಹವೆ ಬದಲಾದಾಗ ಮರ ಹಿಗ್ಗತ್ತೆ ಅಕ್ಕ, ತಲೆ ಕೆಡಿಸ್ಕೋಬೇಡ" ಎಂದು ಬರೆದಿದ್ದೀಯ. ನಾಲ್ಕೇ ಸಾಲು. ಮರ ಹಿಗ್ಗಬಹುದು, ಒಪ್ಪಿದೆ. ಹವೆ ಬದಲಾದರೆ ಅರ ಹಿಡಿದು ಕಚ್ಚು ಉಜ್ಜುವುದಿಲ್ಲ. ಇದು ನಿನಗೆ ತಿಳಿಯದ್ದಲ್ಲ. ಬೇರೇನೋ ಕೆಲಸದ ಅವಸರ ಇರಬೇಕೆಂದು ಆಗ ಸುಮ್ಮನಾದೆ.

ಮರುದಿನ ರಿಹರ್ಸಲ್ ಕೋಣೆಗೆ ಹೋದೆ. ಜುಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದ. ಸುತ್ತಿ ಬಳಸದೆ ಕೇಳಿಬಿಟ್ಟೆ: "ನನ್ನ ಗಿಟಾರಿಗೆ ದಪ್ಪ ತಂತಿ ಯಾಕೆ ಹಾಕಿದ್ದು?"

ಅವನು ಟೀ ಕೆಳಗಿಟ್ಟು ಎಡಗೈ ಚಾಚಿ ತೋರಿಸಿದ. "ಅಕ್ಕಾ, ಈ ಬೆರಳು ನೋಡಿ. ನಾನು ಎಂಟರ ತಂತಿ ಹಾಕೋನು. ನಿಮ್ಮ ಒಂಬತ್ತೇ ನನಗೆ ಗಟ್ಟಿ. ಇನ್ನೂ ದಪ್ಪದ ಹತ್ತು, ಹನ್ನೊಂದು ಅಂದ್ರೆ ಮರುದಿನ ಊಟಕ್ಕೆ ಚಮಚಾನೇ ಬೇಕು."

ಸುಳ್ಳು ಹೇಳುವವನ ಬೆರಳು ಹಾಗಿರುವುದಿಲ್ಲ. ಗುರುತೇ ಇಲ್ಲದ, ಮೆತ್ತಗಿನ ತುದಿ. ನನಗೆ ನಾಚಿಕೆಯಾಯಿತು. "ಮಾಸ್ಟರ್ ಹತ್ರ ಯಾಕೆ ಓಡಾಡ್ತೀಯ ಹಾಗಾದ್ರೆ?" ಎಂದೆ. "ಅವರ ಹಳೇ ಸ್ಕೂಟರ್ ಕೊಡ್ತೀನಿ ಅಂದಿದ್ರು" ಅಂದ. ಇಷ್ಟು ದಿನ ನಾನು ಒಂದು ಸ್ಕೂಟರಿಗೆ ಹೆದರಿದ್ದೆ.

ಒಳಗೆ ಹೋಗಿ, ಉಳಿದ ಮೂರು ಹಾಡು ಕೇಳಿಸಿ ಎಂದು ಮಾಸ್ಟರನ್ನು ಹಿಡಿದುಕೊಂಡೆ. "ಇನ್ನೂ ಕೆಲಸ ಬಾಕಿ ಇದೆ" ಅಂದರು. ಕೇಳಿಸುವವರೆಗೂ ಏಳುವುದಿಲ್ಲವೆಂದು ಸ್ಪೀಕರ್ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಕೊನೆಗೆ ಹಾಕಿದರು. ಮೊದಲನೆಯ ಹಾಡಿನಲ್ಲಿ ಗಿಟಾರ್ ಬಂತು. ಅದು ಕೀಬೋರ್ಡಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ನನ್ನದೇ ಗಿಟಾರು, ಆದರೆ ಸದ್ದಿಗೆ ಮೈ ತುಂಬಿತ್ತು. ತೆಳು ತಂತಿಯನ್ನು ನಾನು ಎಳೆದರೆ ಸ್ವರ ಸಲೀಸಾಗಿ ಮೇಲೇರುತ್ತದೆ. ಇಲ್ಲಿ ತಂತಿ ಎದುರು ಜಗ್ಗುತ್ತಿತ್ತು, ನುಡಿಸುವವರು ಬಿಡದೆ ಜಗ್ಗಿ, ಸ್ವರಕ್ಕೆ ಕೂದಲೆಳೆಯಷ್ಟು ಕೆಳಗೆ ಒಂದು ಕ್ಷಣ ನಿಂತು, ಆಮೇಲೆ ಮುಟ್ಟುತ್ತಿದ್ದರು. ಹಾಗೆ ನಿಲ್ಲುವವರು ನನಗೆ ಗೊತ್ತಿರುವಂತೆ ಒಬ್ಬರೇ. ಹನ್ನೆರಡು ವರ್ಷದವಳಾಗಿದ್ದಾಗ ನೀನು ಹಾಗೆ ನಿಂತರೆ "ಮುಟ್ಟೇ, ಬೇಗ ಮುಟ್ಟೇ" ಎಂದು ನಿನ್ನ ತಲೆಗೆ ಮೊಟಕುತ್ತಿದ್ದೆ. ನಿನ್ನ ಹನ್ನೊಂದರ ತಂತಿ ಮೇಲೆ ಬಟ್ಟೆ ಒಣಹಾಕಬಹುದು ಎಂದು ಹಂಗಿಸುತ್ತಿದ್ದೆ.

ಮೂರೂ ಹಾಡು ಮುಗಿಯುವ ತನಕ ಕೂತಿದ್ದು ಮನೆಗೆ ಬಂದೆ.

ನಿನ್ನ ಭಾವ ಷರ್ಟಿಗೆ ಇಸ್ತ್ರಿ ಹಾಕುತ್ತಿದ್ದರು. "ಚೋಟು ಬಂದಿದ್ದಳಾ?" ಎಂದೆ. ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಅಲ್ಲೇ ಕೂತುಬಿಟ್ಟರು. ಎಲ್ಲ ಹೇಳಿದರು. ಸ್ಟುಡಿಯೋದ ದಿನಗಳು ಮುಂದೆ ಹೋಗುವ ಹಾಗಿರಲಿಲ್ಲವಂತೆ, ಮಾಸ್ಟರ್ ಬೇರೆಯವರನ್ನು ಕರೆಸುವುದರಲ್ಲಿದ್ದರಂತೆ, ಹೊರಗಿನವರು ಒಮ್ಮೆ ಕೂತರೆ ಏಳುವುದಿಲ್ಲವೆಂದು ಹೆದರಿ ಇವರೇ ನಿನಗೆ ಫೋನ್ ಮಾಡಿದರಂತೆ. ಮೊದಲ ಐದು ಹಾಡಿಗೆ ಹೊಂದಬೇಕೆಂದು ನನ್ನ ಗಿಟಾರನ್ನೇ ಕೊಟ್ಟರಂತೆ. ನಿನ್ನ ಕೈಯ ಒತ್ತಿಗೆ ನನ್ನ ತೆಳು ತಂತಿಗಳೆಲ್ಲ ಸ್ವರ ತಪ್ಪಿ ಮೇಲೆ ಹೋಗಿ, ಮಾಸ್ಟರ್ ಮುಖ ಸಿಂಡರಿಸಿ, ಕಡೆಗೆ ನೀನೇ ಅಂಗಡಿಗೆ ಹೋಗಿ ಹನ್ನೊಂದರ ಸೆಟ್ ತಂದೆಯಂತೆ.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಅವಳೇ ಬೇಡ ಅಂದ್ಳು."

"ಏನಂದಳು? ಅವಳ ಮಾತಲ್ಲೇ ಹೇಳಿ."

ಷರ್ಟಿನ ಕಾಲರ್ ತೀಡುತ್ತಾ ಹೇಳಿದರು. "ಅಕ್ಕನಿಗೆ ಅನುಮಾನ ಮೊದಲು ಬರತ್ತೆ ಭಾವ, ಅಕ್ಕರೆ ಆಮೇಲೆ. ತನ್ನ ಜಾಗ ಕಿತ್ಕೊಳ್ಳೋಕೆ ಬಂದೆ ಅಂತಾಳೆ. ಹೇಳಬೇಡಿ" ಅಂದೆಯಂತೆ.

ಎರಡು ದಿನ, ನೀನು ಅಂದದ್ದು ಸುಳ್ಳೆಂದು ನಿನ್ನ ಭಾವನ ಹತ್ತಿರ ವಾದಿಸಲು ಹೊರಟರೆ, ನಿನಗೆ ಹಿಂದೆ ಬರೆದ ಕಾಗದವೇ ನೆನಪಿಗೆ ಬರುತ್ತಿತ್ತು. ಯಾರ ಮೇಲೆ ಗುಮಾನಿ ಪಟ್ಟಿರಲಿಲ್ಲ ಅದರಲ್ಲಿ?

ಈಗ ಸಿಟ್ಟಿಲ್ಲ. ರಿಪೇರಿಯವರ ಹತ್ತಿರ ಆ ಬಿಳಿಯ ಪಟ್ಟಿ ಬದಲಿಸಿಕೊಂಡೆ. ಸ್ಪ್ರಿಂಗ್ ತೆಗೆದು, ಕುತ್ತಿಗೆಯ ಸರಳನ್ನು ಸ್ವಲ್ಪ ಸಡಿಲಿಸಿದರು, ಜುಂಯ್ ಸದ್ದು ಹೋಯಿತು. ಆ ಮೂರು ಹಾಡಿಗೆ ನಿನ್ನ ಹೆಸರೇ ಹಾಕಬೇಕೆಂದು ಮಾಸ್ಟರಿಗೆ ಹೇಳಿಬಂದಿದ್ದೇನೆ. "ನಿಮ್ಮ ತಂಗೀನೇ ಬೇಡ ಅಂದಿದ್ದಾರೆ" ಎಂದರು. "ಅವಳಿಗಿಂತ ದೊಡ್ಡವಳು ನಾನು, ಹಾಕಿ" ಎಂದೆ. ಹಾಕುತ್ತಾರೆ. ಬೇಡವೆಂದು ಬರೆಯಬೇಡ, ಕೇಳುವುದಿಲ್ಲ. ಅಷ್ಟು ಚೆನ್ನಾಗಿ ನುಡಿಸಿದ್ದೀಯ. ಎರಡನೇ ಹಾಡಿನ ನಡುವೆ ಬರುವ ಆ ಭಾಗ ನನ್ನ ಕೈಯಲ್ಲಿ ಹಾಗೆ ಬರುತ್ತಿರಲಿಲ್ಲ.

ಮೈ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು, ಬೆರಳಿಗೆ ಎಣ್ಣೆ ಹಚ್ಚು. ನಿನ್ನ ಕೈಗೆ ಯಾವ ತಂತಿಯೂ ಗಟ್ಟಿ ಅನ್ನಿಸದಿರಲಿ, ಎಲ್ಲಿ ಕೂತು ನುಡಿಸಿದರೂ ಜನ ನಿಂತು ಕೇಳಲಿ. ಇದು ಅಕ್ಕನ ಆಶೀರ್ವಾದ.

ನಿನ್ನ
ಅಕ್ಕ

ತಾ. ಕ.: ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದೆ. ಆಪರೇಷನ್ನಿನ ಮಾರನೆಯ ದಿನ ಅಮ್ಮ ನನ್ನ ಮಂಚದ ಪಕ್ಕ ಕೂತು, "ಚಿಕ್ಕವಳು ಒಂದು ಗಳಿಗೆ ಬಂದು ಹೋಗಬಹುದಿತ್ತು" ಎಂದಳು. "ಅವಳಿಗೆ ರಜೆ ಸಿಕ್ಕಿರಲ್ಲಮ್ಮ. ಸಿಕ್ಕಿದ್ರೆ ಓಡಿ ಬರ್ತಿದ್ಳು" ಎಂದು ನಿನ್ನ ಪರ ವಹಿಸಿ ಜಗಳವಾಡಿದೆ. ನೋವಿನಲ್ಲೂ ದನಿ ಎತ್ತಿದೆ. ನೀನು ಅದೇ ದಿನ ಮಧ್ಯಾಹ್ನ ರೆಕಾರ್ಡಿಂಗ್ ಮುಗಿಸಿ ಊರಿಗೆ ಬಸ್ ಹತ್ತಿದೆಯೆಂದು ನಿನ್ನ ಭಾವ ಈಗ ಹೇಳುತ್ತಾರೆ. ಆ ಬಸ್ಸು ಆಸ್ಪತ್ರೆಯ ಗೇಟಿನ ಮುಂದೆಯೇ ಹೋಗುತ್ತದೆ. ನಾನಿದ್ದದ್ದು ಒಂದನೇ ಮಹಡಿ, ಕಿಟಕಿ ರಸ್ತೆಯ ಕಡೆಗೆ. ನನ್ನ ಅನುಮಾನಕ್ಕೆ ಹೆದರಿ ಒಳಗೆ ಬರಲಿಲ್ಲ, ಇರಲಿ. ಅಲ್ಲಿ ಬಸ್ಸು ನಿಂತಾಗ ಒಂದು ಸಲವಾದರೂ ತಲೆಯೆತ್ತಿ ಮೇಲೆ ನೋಡಿದೆಯಾ? ಅದೊಂದನ್ನು ನಿಜ ಬರಿ.