ಎರೆಹುಳದ ತುಟಿ

ನನ್ನ ಮಾಸ್ತರರೇ,

ಸಾಲುಗಳು ಸೊಟ್ಟಾಗಿದ್ದರೆ ಬೈಯಬೇಡಿ. ರೂಳುಕೋಲು ಅಡ್ಡ ಇಟ್ಟು, ಬೆರಳಿನ ಅಂದಾಜಿನ ಮೇಲೆ ಬರೆಯುತ್ತಿದ್ದೇನೆ.

ಜೈನಾಪುರದ ಆ ತೋಟದ ಬಾವಿ ನೆನಪಿದೆಯೇ? ಕಾಲುವೆಯ ಹಸಿಮಣ್ಣು ಕೆದರಿ ಒಂದು ಎರೆಹುಳ ತೆಗೆದು ನನ್ನ ಅಂಗೈಮೇಲಿಟ್ಟು, ಕಣ್ಣು ಮುಚ್ಚು ಅಂದಿರಿ. ತಲೆ ಯಾವ ಕಡೆ ಎಂದು ಬೆರಳಿನಿಂದಲೇ ಹೇಳಬೇಕಿತ್ತು. ಬಾಲದಿಂದ ಮುಂದಕ್ಕೆ ಸವರಿದರೆ ಸಣ್ಣ ಮುಳ್ಳು ತಾಕುತ್ತವೆ, ತಲೆಯಿಂದ ಹಿಂದಕ್ಕೆ ಸವರಿದರೆ ನುಣುಪು. ನಾನು ಸರಿಯಾಗಿ ಹೇಳಿದೆ. "ಭೇಷ್. ಕಣ್ಣಿಗಷ್ಟ ಎಲ್ಲಾ ತಿಳೀತೈತಿ ಅನಬ್ಯಾಡ" ಎಂದು ನಕ್ಕಿರಿ. ಆಗ ಅದು ಆಟ. ಈಗ...

ಈಗ ನನ್ನ ಕಣ್ಣು ಹೋಗಿವೆ, ಮಾಸ್ತರರೇ. ನೀವು ತೀರಿಕೊಂಡ ವರ್ಷವೇ ಶುರುವಾಗಿತ್ತು. ಯುದ್ಧಕಾಲ, ಚಿಮಣಿ ಎಣ್ಣೆಗೆ ರೇಷನ್ನು. ದೀಪ ಮಂಕಾಗಿದೆ ಎಂದುಕೊಂಡೆ. ಊರೆಲ್ಲ ಮಂಕು ದೀಪದಲ್ಲೇ ಇತ್ತಲ್ಲ, ಅನುಮಾನ ಯಾರಿಗೆ ಬರಬೇಕು? ಯುದ್ಧ ಮುಗಿಯಿತು, ಆಮೇಲೆ ಹಾಡಹಗಲೂ ಮಂಕಾಯಿತು. ಸೊಲ್ಲಾಪುರದ ಡಾಕ್ಟರು ನರ ಒಣಗಿದೆ, ಔಷಧವಿಲ್ಲ ಎಂದರು.

ವಿಜಾಪುರದ ಸಾಲಿಯಲ್ಲಿ ನೀವು ಹಲಗೆಯ ಮೇಲೆ ಎರೆಹುಳದ ತಲೆ ಬರೆದ ದಿನ ನಾವು ನಕ್ಕಿದ್ದೆವು. ಕಣ್ಣಿಲ್ಲ, ಕಿವಿಯಿಲ್ಲ, ಮೂಗಿಲ್ಲ, ಇದೆಂಥ ತಲೆ? ಮೊದಲ ಉಂಗುರದಲ್ಲಿ ಬಾಯಿ, ಅದರ ಮೇಲೆ ಮುಂದಕ್ಕೆ ಚಾಚಿದ ಸಣ್ಣ ತುಟಿ. ಮಿದುಳೆಂಬುದು ಹಿಂದೆ, ಗಂಟಲ ಮೇಲೆ ಕೂತ ಒಂದು ಗಂಟು. ಆ ತುಟಿಯೇ ಮುಂದೆ ಹೋಗಿ ಮಣ್ಣು ಮುಟ್ಟುತ್ತದೆ, ಬೆಳಕು ಕತ್ತಲೆ ತಿಳಿಯುತ್ತದೆ ಎಂದಿರಿ. ಅದರದೇ ಬಳಗದ ಜಿಗಣೆಗೆ ಹತ್ತು ಕಣ್ಣಂತೆ. ರಕ್ತ ಹೀರುವುದಕ್ಕೆ ಹತ್ತು, ಮಣ್ಣು ತಿನ್ನುವುದಕ್ಕೆ ಒಂದೂ ಇಲ್ಲ. ದೇವರ ಹಂಚಿಕೆ ನೋಡಿ. ನಾನು ಹತ್ತು ಕೇಳಲಿಲ್ಲ. ಇರುವ ಎರಡನ್ನು ಇನ್ನಷ್ಟು ದಿನ ಬಿಡು ಎಂದು ಬೇಡಿಕೊಂಡೆ.

ಯಾಕೆಂದರೆ ನನ್ನ ಹೆಂಡತಿ ಗೌರವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ, ಕಳ್ಳಕವಟಗಿಗೆ ಹೋಗಿದ್ದಳು. ಕೂಸಿನ ಮುಖ ಒಂದೇ ಸಲ ನೋಡಿದರೆ ಸಾಕಿತ್ತು, ಆಮೇಲೆ ಕತ್ತಲಾದರೂ ಆಗಲಿ.

ಹೆರಿಗೆಯ ಸುದ್ದಿ ಬಂದೊಡನೆ ತಿಕೋಟಾ ದಾರಿಗೆ ಚಕ್ಕಡಿ ಹತ್ತಿದೆ. ಅತ್ತೆ ಬಾಗಿಲಲ್ಲೇ ತಡೆದರು. "ಸೂತಕ ಕಳಿಯೂತನಕ ಅಪ್ಪಾದಾಂವ ಕೂಸಿನ ಮಾರಿ ನೋಡಬಾರದ್ರಿ." ಕಣ್ಣಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಕುರುಡನಿಗೆ ಮಗಳನ್ನು ಕೊಟ್ಟೆವೆಂದು ಎದೆ ಬಡಿದುಕೊಂಡಾರು ಎಂಬ ಭಯ. ಮರಳಿ ಬಂದೆ. ದಿನಾ ಮುಂಜಾನೆ ಕೈಯನ್ನು ಮುಖದ ಮುಂದೆ ಹಿಡಿದು ನೋಡುತ್ತಿದ್ದೆ. ಸೂತಕ ಕಳೆಯುವ ಮೊದಲೇ ಬೆರಳು ಕಾಣದಾದವು. ಅತ್ತೆಯ ಮೇಲೆ ಸಿಟ್ಟು ಬಂತು, ನಿಮ್ಮ ಮೇಲೂ ಬಂತು. ಇಂಥ ಹೊತ್ತಿಗೆ ಇಲ್ಲದ ಗುರು ಯಾತಕ್ಕೆ?

ಸೂತಕ ಕಳೆದ ಮೇಲೆ ಮತ್ತೆ ಕಳ್ಳಕವಟಗಿಗೆ ಹೋದೆ. ನಿನ್ನೆ ಗೌರವ್ವ ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. ಬಗ್ಗಿ ಬಗ್ಗಿ ನೋಡಿದೆ. ಬಿಳಿ ಅರಿವೆಯ ಮಬ್ಬು, ನಡುವೆ ಒಂದಿಷ್ಟು ಕಪ್ಪು, ಅಷ್ಟೇ.

"ಕಾಣವಲ್ದೇನ್ರಿ?" ಎಂದಳು ಮೆಲ್ಲಗೆ.

ಇಲ್ಲ ಎಂದೆ. ಅಳು ತಡೆಯಲಾಗಲಿಲ್ಲ. ಅವಳು ನನ್ನ ಬೆರಳು ಹಿಡಿದು ಕೂಸಿನ ಹಣೆಯ ಮೇಲಿಟ್ಟಳು. ಹಣೆ, ಮೂಗು, ಆಮೇಲೆ ತುಟಿ. ಆ ತುಟಿ ತಾನಾಗಿ ಮುಂದೆ ಚಾಚಿ, ತಡಕಾಡಿ, ನನ್ನ ಬೆರಳನ್ನು ಹಿಡಿದುಕೊಂಡಿತು.

ಹೆಣ್ಣು ಕೂಸು, ಮಾಸ್ತರರೇ. ಹೇಗಿದ್ದಾಳೆಂದು ನೀವು ಕೇಳಿದರೆ ನನಗೆ ಗೊತ್ತಿರುವುದು ಅವಳ ತುಟಿ ಮಾತ್ರ.