ಅರ್ಜಿಯ ಮೇಲೆ ನನ್ನ ಸಂಖ್ಯೆ

12 ಜೂನ್ 2025, ಗುರುವಾರ

ನಿದ್ದೆ ಹತ್ತುತ್ತಿಲ್ಲ. ಖುಷಿಗೋ, ಸಿಟ್ಟಿಗೋ ತಿಳಿಯದು.

ಏಜೆಂಟ್ ಸಂಖ್ಯೆ ಸಿಕ್ಕಮೇಲೆ ಇವತ್ತೇ ನನ್ನ ಮೊದಲ ಆರೋಗ್ಯ ವಿಮೆ ಅರ್ಜಿ. ಹಾರನಹಳ್ಳಿಯ ಬೋರಮ್ಮನವರದು. ಕಲಿಯಲೆಂದು ಇಷ್ಟು ದಿನ ನಾನು ಊರೂರು ಅಲೆದೆ, ಅರ್ಜಿಗಳು ಮಾತ್ರ ಹಿರಿಯ ಏಜೆಂಟ್ ಉಮೇಶ್ ಅವರ ಸಂಖ್ಯೆಯಲ್ಲೇ ಹೋದವು, ಕಮಿಷನ್ನೂ ಅವರಿಗೇ ಸೇರಿತು. ಇವತ್ತೂ ಜೊತೆಗೆ ಬಂದಿದ್ದ ಉಮೇಶ್ ನನ್ನನ್ನು ಕೇಳದೆ ತಮ್ಮ ಸಂಖ್ಯೆಯನ್ನೇ ಬರೆದುಬಿಟ್ಟರು.

“ಸರ್, ನನ್ನ ನಂಬರ್ ಹಾಕಿ,” ಎಂದೆ.

“ಮುಂದಿನ ಸಲ ನೋಡೋಣ ಕಣಮ್ಮ.”

ಬೋರಮ್ಮ ಪೆನ್ನು ಕೆಳಗಿಟ್ಟರು. “ನಂಬರ್ ಇರೋರೇ ತಾನೆ ನಾಳೆ ಆಸ್ಪತ್ರೆ ವಿಷ್ಯಕ್ಕೆ ಓಡಾಡೋದು?”

“ಹೌದು,” ಎಂದೆ.

“ಹಂಗಾದ್ರೆ ಈ ಹುಡುಗೀದೇ ಹಾಕ್ರಿ. ನಂಗೆ ಎಲ್ಲಾ ಬಿಡಿಸಿ ಹೇಳಿದ್ದು ಇವ್ಳೇಯ. ಇಲ್ದಿದ್ರೆ ಸಹಿ ಹಾಕಾಕಿಲ್ಲ.”

ಉಮೇಶ್ ಮುಖ ಸಣ್ಣದು ಮಾಡಿಕೊಂಡು ಹೊಸ ಅರ್ಜಿ ತೆಗೆದರು. ನನ್ನ ಸಂಖ್ಯೆಯನ್ನು ನಾನೇ ಬರೆದೆ. ಬೋರಮ್ಮ ಸಹಿ ಹಾಕಿದರು!

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ “ಎಲ್ಲಿಗಮ್ಮ?” ಎಂದರೆ ನಾನು ನನ್ನ ಏಜೆಂಟ್ ಸಂಖ್ಯೆ ಹೇಳಿದೆ. ಬಸ್ಸೆಲ್ಲ ನಕ್ಕಿತು. ಅರಸೀಕೆರೆ ಎನ್ನುವುದೇ ಬಾಯಿಗೆ ಬರಲಿಲ್ಲ, ಏನು ಮಾಡಲಿ, ಅಷ್ಟೊಂದು ಸಲ ಆ ಸಂಖ್ಯೆಯನ್ನೇ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ.