ಸ್ಟೂಲ್ ಬಿಟ್ಟು ಛಾವಣಿಗೆ

ಪ್ರೀತಿಯ ಅಕ್ಕಾ,

ಕಲ್ಲಿದ್ದಲ ಹೊಗೆ ಸಾಕೆಂದು ಈ ಊರು ಬಿಸಿಲನ್ನು ನಂಬಿದೆ. ಕೊರೊನಾದಲ್ಲಿ ಬಾಗಿಲು ಹಾಕಿದ ಚಿತ್ರಮಂದಿರವೇ ನಮ್ಮ ಸೋಲಾರ್ ತರಬೇತಿ ಶಾಲೆ. ಪರದೆಯಿದ್ದಲ್ಲಿ ಮೊಣಕಾಲೆತ್ತರದ ಇಳಿಜಾರು ಛಾವಣಿ ಕಟ್ಟಿದ್ದಾರೆ. ಹೋಟೆಲ್ ಕೆಲಸ ಕಳೆದುಕೊಂಡ ನನ್ನಂಥವರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅದರ ಮೇಲೆ ಗಂಭೀರವಾಗಿ ತೆವಳುತ್ತೇವೆ. ಈ ಹಾಸ್ಯಚಿತ್ರಕ್ಕೆ ಟಿಕೆಟ್ಟಿಲ್ಲ.

ಇವತ್ತು ನಿಜವಾದ ಛಾವಣಿಯ ಮೇಲೆ ಪರೀಕ್ಷೆ ಇತ್ತು. ಹೆದರಿ ಇಳಿದರೆ ಕೆಲಸವಿಲ್ಲ. ಬಲ್ಬ್ ಹಾಕಲು ಸ್ಟೂಲ್ ಹತ್ತೆಂದರೆ ನಿನ್ನನ್ನು ಕರೆಯುತ್ತಿದ್ದ ತಮ್ಮ ಎರಡು ಮಹಡಿ ಮನೆಯ ನೆತ್ತಿಯಲ್ಲಿ ಕೂತು ಸೋಲಾರ್ ಫಲಕದ ತಂತಿ ಜೋಡಿಸಿದ. ಕೆಳಗಿನಿಂದ ಮನೆಯ ಅಜ್ಜಿ ಕೂಗಿದರು: "ಫ್ಯಾನ್ ತಿರುಗ್ತಿದೆ ಕಣಪ್ಪಾ! ಸ್ವಲ್ಪ ಕಮ್ಮಿ ಮಾಡು, ಚಳಿ ಆಗ್ತಿದೆ!"

ಸೋಮವಾರದಿಂದ ಕೆಲಸ. ಮಂಡಿ ತರಚಿದೆ, ಮುಲಾಮು ಹಚ್ಚಿದ್ದೇನೆ. ಆ ಸ್ಟೂಲನ್ನು ಯಾರಿಗಾದರೂ ಕೊಟ್ಟುಬಿಡು.

ಮೇಲೆ ಹೋಗಿಯೂ ವಾಪಸ್ ಬಂದ,
ನಿನ್ನ ತಮ್ಮ